ಬೊಮ್ಮಾಯಿ ಕೇಳಿದ್ದು ಬರೇ ಏಳು ದಿನ

2019ರ ಜುಲೈ 23. ರಾತ್ರಿ ಏಳೂವರೆ ದಾಟಿತ್ತು. ನಾನು ಧಾರವಾಡದಿಂದ ಹುಬ್ಬಳ್ಳಿಗೆ ಚಿಗರಿ ಬಸ್ಸಿನಲ್ಲಿ ಬರುತ್ತಿದ್ದೆ. ಮುಂದಿನ ಸೀಟಿನ ಹುಡುಗ ಮೊಬೈಲಿನಲ್ಲಿ ನ್ಯೂಸ್ ಹಾಕಿಕೊಂಡಿದ್ದ. ವಿಧಾನಸಭೆಯಲ್ಲಿ ಶಾಸಕರು ಸಾಲು ಸಾಲಾಗಿ ಎದ್ದು ನಿಲ್ಲುತ್ತಿದ್ದರು, ಸಿಬ್ಬಂದಿ ತಲೆ ಎಣಿಸುತ್ತಿದ್ದರು. ಉಣಕಲ್ ಬರುವ ಹೊತ್ತಿಗೆ ಸುತ್ತಲಿನ ನಾಲ್ಕೈದು ಮಂದಿ ಆ ಮೊಬೈಲಿಗೆ ಕಣ್ಣು ನೆಟ್ಟಿದ್ದರು. ಪರವಾಗಿ 99, ವಿರುದ್ಧ 105. ಕುಮಾರಸ್ವಾಮಿ ಸರ್ಕಾರ ಬಿತ್ತು.

ಪಕ್ಕದಲ್ಲಿ ಕೂತಿದ್ದ ಅಜ್ಜ ಒಬ್ಬರು ಕೋರ್ಟಿನಲ್ಲಿ ನೌಕರಿ ಮಾಡಿ ನಿವೃತ್ತರಾದವರು. ಹಿಂಗ ಸದನದೊಳಗ ತಲೆ ಎಣಿಸೂದನ್ನ ಕಡ್ಡಾಯ ಮಾಡಿಸಿದವರು ನಮ್ಮೂರ ಬೊಮ್ಮಾಯಿಯವರು ಅಂತ ಅವರು ಹೇಳಿದರು. ಹುಡುಗ ಶಿಗ್ಗಾಂವಿ ಶಾಸಕರ ಮಾತು ಅಂದುಕೊಂಡ. ಅಜ್ಜ ನಕ್ಕು, ಅವರ ಅಪ್ಪನ ಸುದ್ದಿ ಹೇಳ್ತಿದೀನಿ ಅಂತ ತಿದ್ದಿದರು. ಹುಡುಗನಿಗೆ ಆ ಹೆಸರು ಗೊತ್ತಿರಲಿಲ್ಲ. ನಾನೂ ಸುಮ್ಮನೇ ಕೂತೆ. ಯಾಕಂದ್ರ ಪರೀಕ್ಷೆಗಾಗಿ ಎಸ್.ಆರ್. ಬೊಮ್ಮಾಯಿ ವರ್ಸಸ್ ಯೂನಿಯನ್ ಆಫ್ ಇಂಡಿಯಾ ಅಂತ ಬಾಯಿಪಾಠ ಮಾಡಿದ್ದೆನೇ ಹೊರತು, ಆ ವರ್ಸಸ್ಸಿನ ಹಿಂದೆ ನಮ್ಮ ಊರಿನಲ್ಲೇ ಕರಿಕೋಟು ಹಾಕಿಕೊಂಡು ಓಡಾಡಿದ ಒಬ್ಬ ಮನುಷ್ಯ ಇದ್ದ ಅಂತ ಒಮ್ಮೆಯೂ ಯೋಚಿಸಿರಲಿಲ್ಲ.

ಅದಕ್ಕೇ ಈ ಬರಹ. ಬೊಮ್ಮಾಯಿಯವರ ಬದುಕನ್ನು ನೋಡಿದರೆ ವಿಧಾನಸಭೆ ಅನ್ನೋ ಮನೆ ಹೇಗೆ ಕಟ್ಟಲ್ಪಟ್ಟಿದೆ, ಅದರ ಬೀಗದ ಕೈ ಯಾರ ಹತ್ತಿರ ಇರುತ್ತೆ ಅನ್ನೋದು ಪಠ್ಯಪುಸ್ತಕಕ್ಕಿಂತ ಚೆನ್ನಾಗಿ ತಿಳಿಯುತ್ತೆ.

ಪಕ್ಷ ಬೇಡವೆಂದ ಗುರು

ಸೋಮಪ್ಪ ರಾಯಪ್ಪ ಬೊಮ್ಮಾಯಿ ಹುಟ್ಟಿದ್ದು 1924ರ ಜೂನ್ 6ರಂದು, ಅಂದಿನ ಅವಿಭಜಿತ ಧಾರವಾಡ ಜಿಲ್ಲೆಯ ಕಾರಡಗಿಯಲ್ಲಿ. ಆ ಊರು ಈಗ ಹಾವೇರಿ ಜಿಲ್ಲೆಯಲ್ಲಿದೆ. ಕಾನೂನು ಓದಿ ಹುಬ್ಬಳ್ಳಿಯಲ್ಲಿ ವಕೀಲಿಕೆಗೆ ನಿಂತರು. ಹುಬ್ಬಳ್ಳಿಯೇ ಅವರ ಊರಾಯಿತು.

ಆ ಕಾಲದ ಮುಂಬೈ ಪ್ರಾಂತ್ಯದ ಓದಿದ ಹುಡುಗರನ್ನು ಎಳೆದುಕೊಂಡವರಲ್ಲಿ ಎಂ.ಎನ್. ರಾಯ್ ಒಬ್ಬರು. ಕಮ್ಯುನಿಸ್ಟರಾಗಿ ಲೋಕ ಸುತ್ತಿದ ರಾಯ್, ಆಮೇಲೆ ಅದನ್ನು ಬಿಟ್ಟು ನವಮಾನವತಾವಾದದ ಕಡೆ ಬಂದರು. ಪಕ್ಷಗಳೇ ಪ್ರಜಾಪ್ರಭುತ್ವಕ್ಕೆ ಕಂಟಕ, ಅಧಿಕಾರ ಜನರ ಸ್ಥಳೀಯ ಸಮಿತಿಗಳಿಂದ ಮೇಲಕ್ಕೆ ಹೋಗಬೇಕು ಅಂತ ವಾದಿಸಿದರು. ಬರೇ ವಾದಿಸಲಿಲ್ಲ, 1948ರಲ್ಲಿ ತಾವೇ ಕಟ್ಟಿದ ಪಕ್ಷವನ್ನು ವಿಸರ್ಜಿಸಿಬಿಟ್ಟರು. ಬೊಮ್ಮಾಯಿ ಈ ರಾಯ್ ಅವರ ಅನುಯಾಯಿ. ಈ ಸಂಗತಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಏಕೀಕರಣ ಚಳವಳಿಯಲ್ಲೂ ಬೊಮ್ಮಾಯಿ ಇದ್ದರು. 1953ರಲ್ಲಿ ಹುಬ್ಬಳ್ಳಿ ಪಕ್ಕದ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು ಉಪವಾಸ ಕೂತಾಗ ಈ ಊರು ಹೇಗೆ ಹೊತ್ತಿ ಉರಿಯಿತು ಅಂತ ಇಲ್ಲಿನ ಹಿರಿಯರು ಇವತ್ತಿಗೂ ಹೇಳ್ತಾರೆ. ಆಗ ಧಾರವಾಡದ ಶಾಸಕರು ಕೂರುತ್ತಿದ್ದುದು ಮುಂಬೈ ವಿಧಾನಸಭೆಯಲ್ಲಿ. 1956ರ ನವೆಂಬರ್ 1ರ ನಂತರ ಅವರ ಕುರ್ಚಿ ಬೆಂಗಳೂರಿಗೆ ಬಂತು.

1967ರಲ್ಲಿ ಬೊಮ್ಮಾಯಿ ಕುಂದಗೋಳದಿಂದ ಗೆದ್ದು ಆ ಸಭೆಗೆ ಹೋದರು. ಪಕ್ಷೇತರರಾಗಿ. ರಾಯ್ ಶಿಷ್ಯನಿಗೆ ತಕ್ಕ ಪ್ರವೇಶ ಅನ್ನಬಹುದು.

ಪಕ್ಷೇತರನಿಗೆ ಆ ಮನೆಯಲ್ಲಿ ಎಷ್ಟು ಜಾಗ?

ಒಳಗೆ ಹೋದ ಮೇಲೆ ಏನಾಗುತ್ತೆ ನೋಡ್ರಿ. ಸಭೆಯ ಮಧ್ಯದ ಎತ್ತರದ ಪೀಠದಲ್ಲಿ ಸ್ಪೀಕರ್. ಅವರನ್ನು ಶಾಸಕರೇ ತಮ್ಮೊಳಗಿಂದ ಆರಿಸುತ್ತಾರೆ. ಅವರ ಬಲಕ್ಕೆ ಆಡಳಿತ ಪಕ್ಷ, ಎಡಕ್ಕೆ ವಿರೋಧ ಪಕ್ಷ. ಸ್ಪೀಕರ್ ಸಾಮಾನ್ಯವಾಗಿ ಮತ ಹಾಕುವುದಿಲ್ಲ, ಎರಡೂ ಕಡೆ ಸಮ ಬಂದಾಗ ಮಾತ್ರ ಅವರ ಮತ. ಸಭೆ ನಡೆಯಬೇಕಾದರೆ ಒಟ್ಟು ಸದಸ್ಯರ ಹತ್ತನೇ ಒಂದು ಭಾಗವಾದರೂ ಒಳಗಿರಬೇಕು. ಸಭೆ ಕರೆಯುವುದು ರಾಜ್ಯಪಾಲರ ಹೆಸರಿನಲ್ಲಿ, ಆದರೆ ಸಂಪುಟದ ಸಲಹೆಯಂತೆ.

ಇದೆಲ್ಲ ಸಂವಿಧಾನದ ಲೆಕ್ಕ. ನಿತ್ಯದ ಲೆಕ್ಕ ಬೇರೆ. ಯಾವ ವಿಷಯಕ್ಕೆ ಎಷ್ಟು ಹೊತ್ತು, ಯಾರಿಗೆ ಎಷ್ಟು ನಿಮಿಷ, ಯಾವ ಸಮಿತಿಗೆ ಯಾರು ಅನ್ನೋದೆಲ್ಲ ಹಂಚಿಕೆಯಾಗುವುದು ಬಹುಮಟ್ಟಿಗೆ ಪಕ್ಷಗಳ ಬಲದ ಪ್ರಕಾರ. ಪ್ರತಿ ಪಕ್ಷಕ್ಕೂ ಒಬ್ಬ ಸಚೇತಕ ಇರುತ್ತಾನೆ, ವಿಪ್ ಅಂತೀವಲ್ಲ ಅದನ್ನು ಹೊರಡಿಸುವವನು. ಯಾವಾಗ ಒಳಗಿರಬೇಕು, ಯಾವ ಕಡೆ ಕೈ ಎತ್ತಬೇಕು ಅಂತ ಹೇಳುವವನೂ ಅವನೇ. ಇನ್ನೂರು ಚಿಲ್ಲರೆ ಜನರ ಮನೆಯಲ್ಲಿ ಪಕ್ಷೇತರನಿಗೆ ಸಿಗುವುದು ಒಂದು ಕುರ್ಚಿ ಮತ್ತು ಮಾತಾಡಲು ಕೆಲವು ನಿಮಿಷ.

ಬೊಮ್ಮಾಯಿ ಮುಂದೆ ವಿಧಾನ ಪರಿಷತ್ತಿನಲ್ಲೂ ಇದ್ದರು. ಅಲ್ಲಿಯ ಲೆಕ್ಕ ಇನ್ನೂ ಬೇರೆ. ಮೇಲ್ಮನೆ ಎಂದೂ ವಿಸರ್ಜನೆಯಾಗುವುದಿಲ್ಲ, ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗದವರು ನಿವೃತ್ತರಾಗುತ್ತಾರೆ. ಹಣಕಾಸು ಮಸೂದೆಯನ್ನು ಅದು ಹದಿನಾಲ್ಕು ದಿನ ಇಟ್ಟುಕೊಳ್ಳಬಹುದು, ತಡೆಯಲಾರದು. ಸರ್ಕಾರವನ್ನು ಬೀಳಿಸಲಂತೂ ಆಗದು. ಮಂತ್ರಿಮಂಡಲ ಒಟ್ಟಾಗಿ ಉತ್ತರ ಕೊಡಬೇಕಾದದ್ದು ಕೆಳಮನೆಗೆ ಮಾತ್ರ. ಸಂವಿಧಾನದ 164ನೇ ವಿಧಿಯ ಈ ಒಂದು ಸಾಲಿನ ಮೇಲೆ ಬೊಮ್ಮಾಯಿಯವರ ಹೆಸರು ಮುಂದೆ ನಿಲ್ಲುವುದಿತ್ತು.

ತುರ್ತುಪರಿಸ್ಥಿತಿ ಅವರನ್ನೂ ಅವರಂಥ ಹಲವರನ್ನೂ ಜನತಾ ಪಕ್ಷದೊಳಕ್ಕೆ ತಂದಿತು. 1978ರಲ್ಲಿ ಅವರು ಹುಬ್ಬಳ್ಳಿ ಗ್ರಾಮೀಣ ಕ್ಷೇತ್ರದಿಂದ ಗೆದ್ದರು. 2008ರ ಕ್ಷೇತ್ರ ಮರುವಿಂಗಡಣೆಯ ನಂತರ ಆ ಹೆಸರಿನ ಕ್ಷೇತ್ರವೇ ಇಲ್ಲ. 224ರ ಸಭೆಯಲ್ಲಿ ದೇವರಾಜ ಅರಸರ ಇಂದಿರಾ ಕಾಂಗ್ರೆಸ್ಸಿಗೆ 149, ಜನತಾ ಪಕ್ಷಕ್ಕೆ 59. ಬೊಮ್ಮಾಯಿ ಆ ಮನೆಯಲ್ಲಿ ವಿರೋಧ ಪಕ್ಷದ ನಾಯಕರಾಗಿಯೂ ಕೂತರು. ಪಕ್ಷ ಬೇಡವೆಂದ ಗುರುವಿನ ಶಿಷ್ಯ ಈಗ ಪೂರಾ ಪಕ್ಷದ ಮನುಷ್ಯ.

ಪತ್ರಗಳ ಕಟ್ಟು

1983ರಲ್ಲಿ ಜನತಾ ಪಕ್ಷಕ್ಕೆ 95 ಸೀಟು ಬಂದು, ಹೊರಗಿನವರ ಬೆಂಬಲದೊಂದಿಗೆ ರಾಮಕೃಷ್ಣ ಹೆಗಡೆ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಯಾದರು. 1985ರ ಮಧ್ಯಂತರ ಚುನಾವಣೆಯಲ್ಲಿ 139 ಬಂದು ಸ್ವಂತ ಬಹುಮತ ಸಿಕ್ಕಿತು. ಬೊಮ್ಮಾಯಿ ಹೆಗಡೆ ಸಂಪುಟದ ಹಿರಿಯ ಮಂತ್ರಿಗಳಲ್ಲಿ ಒಬ್ಬರು, ಕೈಗಾರಿಕೆ ಖಾತೆ ನೋಡಿಕೊಂಡವರು. 1988ರ ಆಗಸ್ಟಿನಲ್ಲಿ ಟೆಲಿಫೋನ್ ಕದ್ದಾಲಿಕೆಯ ವಿವಾದದಲ್ಲಿ ಹೆಗಡೆ ರಾಜೀನಾಮೆ ಕೊಟ್ಟರು. ಆಗಸ್ಟ್ 13ರಂದು ಬೊಮ್ಮಾಯಿ ಮುಖ್ಯಮಂತ್ರಿ.

ಅವರ ಕೈಗೆ ಬಂದದ್ದು ಒಡೆದ ಮನೆ. ಜನತಾ ಪಕ್ಷ ಮತ್ತು ಲೋಕದಳ ಸೇರಿ ಜನತಾ ದಳ ಆಗುವಾಗ ಎಲ್ಲರೂ ಒಪ್ಪಿ ಬರಲಿಲ್ಲ. ಮಂತ್ರಿ ಆಗದವರ ಸಿಟ್ಟು ಬೇರೆ. 1989ರ ಏಪ್ರಿಲ್ 15ರಂದು ಅವರು ಒಂದೇ ಏಟಿಗೆ ಹದಿಮೂರು ಮಂದಿಯನ್ನು ಸಂಪುಟಕ್ಕೆ ಸೇರಿಸಿಕೊಂಡರು. ಮನೆ ಉಳಿಸಿಕೊಳ್ಳಲು ಮಾಡಿದ ಹಂಚಿಕೆ ಅದು ಅನ್ನೋದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಇವತ್ತಾದರೆ ಹಾಗೆ ಸೇರಿಸಲು ಆಗುವುದಿಲ್ಲ. 2003ರ ತಿದ್ದುಪಡಿಯ ನಂತರ ಮಂತ್ರಿಗಳ ಸಂಖ್ಯೆ ಸಭೆಯ ಶೇಕಡಾ 15 ಮೀರಬಾರದು. ನಮ್ಮಲ್ಲಿ ಅದು 34.

ಎರಡೇ ದಿನ. ಏಪ್ರಿಲ್ 17ರಂದು ಜನತಾ ದಳದ ಶಾಸಕರೊಬ್ಬರು ರಾಜಭವನಕ್ಕೆ ಹೋಗಿ ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರ ಕೈಗೆ ಬೆಂಬಲ ವಾಪಸಾತಿಯ ಪತ್ರ ಕೊಟ್ಟರು. ಜೊತೆಗೆ ಹತ್ತೊಂಬತ್ತು ಪತ್ರಗಳು. ಹದಿನೇಳು ಜನತಾ ದಳದವರವು, ಒಂದು ಪಕ್ಷೇತರರದು, ಒಂದು ಬಿಜೆಪಿಯವರದು. 19ರಂದು ರಾಜ್ಯಪಾಲರು ದೆಹಲಿಗೆ ವರದಿ ಕಳಿಸಿದರು. ಬೊಮ್ಮಾಯಿ ಬಹುಮತ ಕಳೆದುಕೊಂಡಿದ್ದಾರೆ, ಬೇರೆ ಯಾರೂ ಸರ್ಕಾರ ಮಾಡುವ ಸ್ಥಿತಿಯಲ್ಲಿಲ್ಲ, ರಾಷ್ಟ್ರಪತಿ ಆಳ್ವಿಕೆ ತರಬೇಕು ಅನ್ನೋದು ಅದರ ಸಾರ.

ಮರುದಿನ, 20ರಂದು, ಆ ಹತ್ತೊಂಬತ್ತರಲ್ಲಿ ಏಳು ಮಂದಿ ಉಲ್ಟಾ ಹೊಡೆದರು. ತಮ್ಮ ಸಹಿಯನ್ನು ತಪ್ಪು ಹೇಳಿ ಪಡೆಯಲಾಗಿದೆ, ತಮ್ಮ ಬೆಂಬಲ ಸರ್ಕಾರಕ್ಕೇ ಇದೆ ಅಂತ ಬರೆದು ಕೊಟ್ಟರು. ಅದೇ ದಿನ ಬೊಮ್ಮಾಯಿ ತಮ್ಮ ಕಾನೂನು ಮಂತ್ರಿಯ ಜೊತೆ ರಾಜಭವನಕ್ಕೆ ಹೋದರು. ಏಪ್ರಿಲ್ 27ಕ್ಕೆ ಅಧಿವೇಶನ ಕರೆದಾಗಿದೆ, ಬಹುಮತ ಅಲ್ಲೇ ತೋರಿಸ್ತೀನಿ, ಬೇಕಾದರೆ ಇನ್ನೂ ಮೊದಲೇ ಕರೆಯೋಣ ಅನ್ನೋದು ಅವರ ಬೇಡಿಕೆಯಾಗಿತ್ತು.

ಏಳು ದಿನ. ಅವರು ಕೇಳಿದ್ದು ಅಷ್ಟೇ.

ರಾಜ್ಯಪಾಲರು ಆ ಏಳು ದಿನ ಕೊಡಲಿಲ್ಲ. ಶಾಸಕರನ್ನು ಕೊಳ್ಳುವ ವ್ಯಾಪಾರ ಶುರುವಾಗಿದೆ, ಕಾಯುವುದು ಸರಿಯಲ್ಲ ಅಂತ ಎರಡನೇ ವರದಿ ಕಳಿಸಿದರು. ಏಪ್ರಿಲ್ 21ರಂದು ರಾಷ್ಟ್ರಪತಿಗಳ ಆದೇಶ ಬಂತು. ಸರ್ಕಾರ ವಜಾ, ವಿಧಾನಸಭೆ ವಿಸರ್ಜನೆ. ಆಗ ಕೇಂದ್ರದಲ್ಲಿ ಇದ್ದದ್ದು ರಾಜೀವ್ ಗಾಂಧಿಯವರ ಸರ್ಕಾರ.

ಪತ್ರಕ್ಕೂ ಮತಕ್ಕೂ ಏನು ಫರಕು?

ನನ್ನ ವಾರಿಗೆಯ ಗೆಳೆಯರು ಇಲ್ಲಿ ಒಂದು ಪ್ರಶ್ನೆ ಕೇಳ್ತಾರೆ. ಹತ್ತೊಂಬತ್ತು ಮಂದಿ ಬರೆದು ಕೊಟ್ಟ ಮೇಲೆ ಎಲ್ಲಿ ಎಣಿಸಿದರೇನು? ರಾಜಭವನದಲ್ಲಾದರೂ ಎಣಿಕೆ ಎಣಿಕೆಯೇ ಅಲ್ಲವಾ?

ಅಲ್ಲ. ಪತ್ರವನ್ನು ಬಾಗಿಲು ಹಾಕಿಕೊಂಡು ಬರೆಯಬಹುದು. ಒತ್ತಡದಲ್ಲಿ ಬರೆಯಬಹುದು, ದುಡ್ಡಿಗೆ ಬರೆಯಬಹುದು, ಮರುದಿನ ನನ್ನದಲ್ಲ ಅನ್ನಬಹುದು. ಆ ಏಳು ಮಂದಿ ಮಾಡಿದ್ದು ಅದನ್ನೇ. ಸದನದಲ್ಲಿ ಹಾಗಲ್ಲ. ಅಲ್ಲಿ ಎದ್ದು ನಿಲ್ಲಬೇಕು. ಹೆಸರು ದಾಖಲಾಗುತ್ತೆ, ಮತ ಹಾಕಿ ಕಳಿಸಿದ ಜನ ನೋಡ್ತಾರೆ. ಮತಕ್ಕೆ ಮೊದಲು ಚರ್ಚೆ ಇರುತ್ತೆ, ಮುಖ್ಯಮಂತ್ರಿ ತನ್ನ ಸಮರ್ಥನೆ ಮಾಡಿಕೊಳ್ಳಬಹುದು, ವಿರೋಧಿಗಳು ಕೇಳಬೇಕಾದ್ದನ್ನು ಮುಖಕ್ಕೆ ಮುಖ ಕೇಳಬಹುದು.

ಇನ್ನೊಂದು ಮಾತು. ಪಕ್ಷಾಂತರ ನಿಷೇಧ ಕಾಯ್ದೆ 1985ರಲ್ಲೇ ಬಂದಿತ್ತು. ವಿಪ್ ಮೀರಿ ಮತ ಹಾಕಿದವರು ಸ್ಥಾನ ಕಳೆದುಕೊಳ್ಳಬಹುದಿತ್ತು. ಪಕ್ಷ ಒಡೆದು ಹೊರಬಂದವರಿಗೆ ಆಗ ರಕ್ಷಣೆ ಇತ್ತು ನಿಜ, ಆದರೆ ಅದಕ್ಕೆ ಮೂರನೇ ಒಂದು ಭಾಗದ ಶಾಸಕರು ಬೇಕಿತ್ತು. ನೂರಕ್ಕೂ ಹೆಚ್ಚು ಶಾಸಕರಿದ್ದ ಪಕ್ಷದಲ್ಲಿ ಹದಿನೇಳು ಅದರ ಹತ್ತಿರಕ್ಕೂ ಬರುವುದಿಲ್ಲ. ಅಂದರೆ ಸದನದಲ್ಲಿ ಕೈ ಎತ್ತಿದರೆ ಕುರ್ಚಿ ಹೋಗುವ ಭಯ. ರಾಜಭವನಕ್ಕೆ ಪತ್ರ ಕೊಡುವಾಗ ಆ ಖರ್ಚು ಎದುರಿಗೆ ನಿಲ್ಲುವುದಿಲ್ಲ.

ಐದು ವರ್ಷದ ಕೋರ್ಟು

ಬೊಮ್ಮಾಯಿ ವಕೀಲರು. ವಕೀಲನಂತೆಯೇ ನಡೆದುಕೊಂಡರು. ಏಪ್ರಿಲ್ 26ರಂದು ಕರ್ನಾಟಕ ಹೈಕೋರ್ಟಿಗೆ ಅರ್ಜಿ ಹಾಕಿದರು. ಮೂವರು ನ್ಯಾಯಮೂರ್ತಿಗಳ ವಿಶೇಷ ಪೀಠ ಅದನ್ನು ತಳ್ಳಿಹಾಕಿತು. ಅವರು ಸುಪ್ರೀಂ ಕೋರ್ಟಿಗೆ ಹೋದರು.

ಅಷ್ಟರಲ್ಲಿ ರಾಜಕೀಯ ತನ್ನ ದಾರಿ ಹಿಡಿಯಿತು. 1989ರ ಕೊನೆಗೆ ನಡೆದ ಚುನಾವಣೆಯಲ್ಲಿ ಕಾಂಗ್ರೆಸ್ 178 ಗೆದ್ದು ವೀರೇಂದ್ರ ಪಾಟೀಲರು ಮುಖ್ಯಮಂತ್ರಿಯಾದರು. ಜನತಾ ದಳಕ್ಕೆ ಸಿಕ್ಕಿದ್ದು 24. ಅರ್ಜಿ ಗೆದ್ದರೂ ವಾಪಸ್ ಸಿಗುವ ಸರ್ಕಾರವೇ ಇರಲಿಲ್ಲ. ಆದರೂ ಅವರು ಕೇಸು ಬಿಡಲಿಲ್ಲ. ನನಗೆ ಈ ಮನುಷ್ಯನಲ್ಲಿ ಹಿಡಿಸುವ ಸಂಗತಿ ಇದು. ನಾಗಾಲ್ಯಾಂಡ್ ಮತ್ತು ಮೇಘಾಲಯದ ವಜಾಗಳು, ಬಾಬರಿ ಮಸೀದಿ ಕೆಡವಿದ ನಂತರ 1992ರ ಡಿಸೆಂಬರಿನಲ್ಲಿ ವಜಾಗೊಂಡ ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶದ ಬಿಜೆಪಿ ಸರ್ಕಾರಗಳ ಪ್ರಕರಣಗಳು, ಎಲ್ಲವೂ ಬಂದು ಅವರ ಅರ್ಜಿಯ ಜೊತೆ ಸೇರಿಕೊಂಡವು.

1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಸರ್ಕಾರಕ್ಕೆ ಬಹುಮತ ಇದೆಯೋ ಇಲ್ಲವೋ ಅನ್ನೋದು ತೀರ್ಮಾನವಾಗಬೇಕಾದದ್ದು ಸದನದಲ್ಲಿ, ರಾಜ್ಯಪಾಲರ ಸ್ವಂತ ಅಂದಾಜಿನಲ್ಲಿ ಅಲ್ಲ. 356ನೇ ವಿಧಿಯ ಆದೇಶವನ್ನು ಕೋರ್ಟು ಪರಿಶೀಲಿಸಬಹುದು. ಸಂಸತ್ತಿನ ಎರಡೂ ಸದನ ಒಪ್ಪುವ ಮೊದಲು ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ, ಅಮಾನತಿನಲ್ಲಿ ಇಡಬಹುದು ಅಷ್ಟೇ. ಆದೇಶ ತಪ್ಪಾಗಿದ್ದರೆ ಕೋರ್ಟು ಸರ್ಕಾರವನ್ನೂ ಸಭೆಯನ್ನೂ ಮರಳಿ ಕೂರಿಸಬಹುದು. ಜಾತ್ಯತೀತತೆ ಸಂವಿಧಾನದ ಮೂಲ ರಚನೆಯ ಭಾಗ ಅಂತಲೂ ಕೋರ್ಟು ಹೇಳಿ ಆ ಮೂರು ಬಿಜೆಪಿ ಸರ್ಕಾರಗಳ ವಜಾ ಸರಿ ಅಂದಿತು. ಕರ್ನಾಟಕ, ಮೇಘಾಲಯ, ನಾಗಾಲ್ಯಾಂಡಿನಲ್ಲಿ ನಡೆದದ್ದು ಸಂವಿಧಾನಬಾಹಿರ ಅಂದಿತು.

ಬೊಮ್ಮಾಯಿ ಗೆದ್ದರು. ಕೈಗೆ ಏನೂ ಬರಲಿಲ್ಲ.

ಒಂದು ಮುಜುಗರದ ಸತ್ಯವನ್ನೂ ಇಲ್ಲೇ ಹೇಳಬೇಕು. ಈ ಅಸ್ತ್ರ ಕಾಂಗ್ರೆಸ್ಸಿನದು ಮಾತ್ರ ಆಗಿರಲಿಲ್ಲ. 1977ರ ಡಿಸೆಂಬರ್ 31ರಂದು ಇದೇ ಕರ್ನಾಟಕದಲ್ಲಿ ದೇವರಾಜ ಅರಸರ ಸರ್ಕಾರವನ್ನು ವಜಾ ಮಾಡಿ ರಾಷ್ಟ್ರಪತಿ ಆಳ್ವಿಕೆ ತಂದದ್ದು ಕೇಂದ್ರದ ಜನತಾ ಸರ್ಕಾರ. ಬೊಮ್ಮಾಯಿ ಮರುವರ್ಷ ಗೆದ್ದು ಬಂದದ್ದು ಆ ಪಕ್ಷದಿಂದಲೇ. ಬೀಸಿದ ಕೋಲು ಹನ್ನೊಂದು ವರ್ಷಕ್ಕೆ ಅದೇ ಮನೆಯವರ ಬೆನ್ನಿಗೆ ಬಂತು. ಹಾಗಂತ ಅವರ ಕೇಸಿನ ತೂಕ ಕಡಿಮೆಯಾಗುವುದಿಲ್ಲ. ಕೋಲನ್ನು ಯಾರ ಕೈಗೂ ಸುಲಭಕ್ಕೆ ಸಿಗದಂತೆ ಮಾಡಿದ್ದು ಆ ಕೇಸೇ.

ಎಣಿಕೆ ಸರಿಯಾಯಿತು, ಎಣಿಸಬೇಕಾದವರು?

ಆಮೇಲಿನ ಬೊಮ್ಮಾಯಿಯವರ ಬದುಕು ಹೆಚ್ಚಾಗಿ ದೆಹಲಿಯದು. ಜನತಾ ದಳದ ರಾಷ್ಟ್ರೀಯ ಅಧ್ಯಕ್ಷರಾಗಿದ್ದರು, ರಾಜ್ಯಸಭೆಯಲ್ಲಿದ್ದರು, 1996ರಿಂದ 1998ರವರೆಗೆ ದೇವೇಗೌಡ ಮತ್ತು ಗುಜ್ರಾಲ್ ಸಂಪುಟಗಳಲ್ಲಿ ಮಾನವ ಸಂಪನ್ಮೂಲ ಮಂತ್ರಿಯಾಗಿದ್ದರು. ಆದರೆ ದೇಶ ಅವರ ಹೆಸರನ್ನು ಉಚ್ಚರಿಸುವುದು ಆ ಹುದ್ದೆಗಳಿಗಾಗಿ ಅಲ್ಲ. 2016ರಲ್ಲಿ ಉತ್ತರಾಖಂಡ, 2018ರಲ್ಲಿ ನಮ್ಮದೇ ಕರ್ನಾಟಕ, 2019ರಲ್ಲಿ ಮಹಾರಾಷ್ಟ್ರ, ಎಲ್ಲಿ ಸಂಖ್ಯೆಯ ಜಗಳ ಬಂದರೂ ಕೋರ್ಟಿನಲ್ಲಿ ಮೊದಲು ಬರುವ ಹೆಸರು ಬೊಮ್ಮಾಯಿ. 2018ರ ಮೇ ತಿಂಗಳಲ್ಲಿ ರಾಜ್ಯಪಾಲರು ಯಡಿಯೂರಪ್ಪನವರಿಗೆ ಬಹುಮತ ತೋರಿಸಲು ಹದಿನೈದು ದಿನ ಕೊಟ್ಟಾಗ, ಸುಪ್ರೀಂ ಕೋರ್ಟು ಅದನ್ನು ಮೊಟಕು ಮಾಡಿ ಮೇ 19ಕ್ಕೇ ಎಣಿಸಿ ಅಂತ ಹೇಳಿತು. ಎಣಿಕೆಗೆ ಮೊದಲೇ ಅವರು ರಾಜೀನಾಮೆ ಕೊಟ್ಟರು. ಬೊಮ್ಮಾಯಿ ಏಳು ದಿನ ಬೇಕೆಂದು ಕೇಳಿದ್ದು ಸದನಕ್ಕೆ ಹೋಗಲು. ಈಗಿನವರು ದಿನ ಕೇಳುವುದು ಸದನಕ್ಕೆ ಹೋಗುವ ಮೊದಲು ಬೇರೆ ಕೆಲಸ ಮುಗಿಸಿಕೊಳ್ಳಲು.

ಹಾಗಾದರೆ ಬಸ್ಸಿನಲ್ಲಿ ನಾವು ನೋಡಿದ 2019ರ ಎಣಿಕೆ ಬೊಮ್ಮಾಯಿಯವರ ಗೆಲುವೇ? ಅರ್ಧ ಹೌದು. ಸರ್ಕಾರ ರಾಜಭವನದಲ್ಲಿ ಬೀಳಲಿಲ್ಲ, ಎಲ್ಲರ ಕಣ್ಣೆದುರು ಸದನದಲ್ಲಿ ಬಿತ್ತು. ಆದರೆ 99ಕ್ಕೆ 105 ಕೂಡಿಸಿದರೆ 204. ಸಭೆಯ ಬಲ 224. ಉಳಿದ ಕುರ್ಚಿಗಳಲ್ಲಿ ಬಹುಪಾಲು ರಾಜೀನಾಮೆ ಬರೆದು ಮುಂಬೈಗೆ ಹೋಗಿ ಕೂತವರವು. ಸ್ಪೀಕರ್ ರಮೇಶ್ ಕುಮಾರ್ ಹದಿನೇಳು ಮಂದಿಯನ್ನು ಅನರ್ಹಗೊಳಿಸಿದರು. ಅದೇ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಅನರ್ಹತೆ ಸರಿ, ಆದರೆ ಉಪಚುನಾವಣೆಗೆ ನಿಲ್ಲಬಹುದು ಅಂದಿತು. ಹಲವರು ಗೆದ್ದು ಮಂತ್ರಿಗಳಾದರು. ಹಾಗೆ ಕೂಡಿದ ಬಹುಮತದ ಮೇಲೆಯೇ 2021ರ ಜುಲೈನಲ್ಲಿ ಬಸವರಾಜ ಬೊಮ್ಮಾಯಿಯವರು ಮುಖ್ಯಮಂತ್ರಿಯಾದರು. ಮಗನನ್ನು ಹಂಗಿಸಲು ಇದನ್ನು ಹೇಳುತ್ತಿಲ್ಲ. ಅಪ್ಪನ ಕೇಸು ಎಲ್ಲಿಗೆ ನಿಲ್ಲುತ್ತೆ ಅಂತ ತೋರಿಸಲು ಹೇಳುತ್ತಿದ್ದೇನೆ. ಎಲ್ಲಿ ಎಣಿಸಬೇಕು ಅನ್ನೋದನ್ನು ಆ ತೀರ್ಪು ಹೇಳಿತು. ಎಣಿಸುವ ದಿನ ಕುರ್ಚಿಯಲ್ಲಿ ಯಾರಿರಬೇಕು ಅನ್ನೋದನ್ನು ಅದು ಹೇಳಲು ಆಗುತ್ತಿರಲಿಲ್ಲ. ಅದು ಪಕ್ಷಗಳ ಕೈಲಿದೆ, ಮತ್ತು ನಮ್ಮ ಕೈಲಿ.

ಇಲ್ಲಿ ಮತ್ತೆ ಎಂ.ಎನ್. ರಾಯ್ ನೆನಪಾಗ್ತಾರೆ. ಪಕ್ಷಗಳ ಯಜಮಾನಿಕೆಯನ್ನು ಅನುಮಾನಿಸಿದ ಗುರುವಿನ ಶಿಷ್ಯ ಪಕ್ಷದಿಂದ ಬೆಳೆದರು, ತನ್ನದೇ ಪಕ್ಷದವರ ಪತ್ರಗಳಿಂದ ಬಿದ್ದರು. ರಾಯ್ ಹೇಳಿದ ಪಕ್ಷರಹಿತ ಪ್ರಜಾಪ್ರಭುತ್ವ ಬರಲಿಲ್ಲ, ಬರುತ್ತೆ ಅನ್ನೋ ನಂಬಿಕೆಯೂ ನನಗಿಲ್ಲ. ಆದರೆ ಶಾಸಕನನ್ನು ಬಸ್ಸಿನಲ್ಲಿ ತುಂಬಿ ರೆಸಾರ್ಟಿಗೆ ಸಾಗಿಸುವ ಸರಕು ಮಾಡಿದ ಮೇಲೆ, ಸದನದ ಎಣಿಕೆ ಎಷ್ಟೇ ನಿಯಮಬದ್ಧವಾಗಿದ್ದರೂ ಅದು ಗೋದಾಮಿನ ಲೆಕ್ಕ ಆಗಿಬಿಡುತ್ತೆ. ನಮ್ಮ ಪಾಲಿನ ಜಗಳ ಅಲ್ಲಿಂದ ಶುರುವಾಗಬೇಕು. ನಮ್ಮ ಕ್ಷೇತ್ರದ ಶಾಸಕ ಕಳೆದ ಅಧಿವೇಶನದಲ್ಲಿ ಎಷ್ಟು ದಿನ ಒಳಗಿದ್ದ, ಯಾವ ಸಮಿತಿಯಲ್ಲಿದ್ದಾನೆ, ಏನು ಪ್ರಶ್ನೆ ಹಾಕಿದ ಅಂತ ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ? ಸರ್ಕಾರ ಬೀಳುವ ದಿನ ಮಾತ್ರ ನಾವು ಮೊಬೈಲ್ ಹಿಡಿದುಕೊಂಡು ಕೂರ್ತೀವಿ.

2007ರ ಅಕ್ಟೋಬರಿನಲ್ಲಿ ಇಪ್ಪತ್ತು ತಿಂಗಳ ಅಧಿಕಾರ ಹಂಚಿಕೆಯ ಒಪ್ಪಂದ ಮುರಿದು ಕುಮಾರಸ್ವಾಮಿಯವರ ಮೊದಲ ಸರ್ಕಾರ ಹೋಯಿತು. ಅಕ್ಟೋಬರ್ 9ರಂದು ರಾಜ್ಯದಲ್ಲಿ ರಾಷ್ಟ್ರಪತಿ ಆಳ್ವಿಕೆ ಬಂತು. ಮರುದಿನ, ಅಕ್ಟೋಬರ್ 10ರಂದು, ಬೊಮ್ಮಾಯಿ ತೀರಿಕೊಂಡರು. ಆ ಸಲ ವಿಧಾನಸಭೆಯನ್ನು ತಕ್ಷಣ ವಿಸರ್ಜಿಸಲಿಲ್ಲ, ಅಮಾನತಿನಲ್ಲಿ ಇಟ್ಟಿದ್ದರು. ಹದಿನೆಂಟು ವರ್ಷದ ಹಿಂದೆ ಅವರಿಗೆ ಸಿಗದ ಅವಕಾಶ ಆ ಸಭೆಗೆ ಸಿಕ್ಕಿತ್ತು.

ಹುಬ್ಬಳ್ಳಿ ಬಸ್ ನಿಲ್ದಾಣದಲ್ಲಿ ಆ ಅಜ್ಜ ಇಳಿದು ಹೋದರು. ಹುಡುಗ ಇಳಿಯುವ ಮೊದಲು ಮೊಬೈಲಿನಲ್ಲಿ ಎಸ್.ಆರ್. ಬೊಮ್ಮಾಯಿ ಅಂತ ಹುಡುಕುತ್ತಿದ್ದ. ಮನೆಗೆ ಹೋಗಿ ನಾನೂ ಅದನ್ನೇ ಮಾಡಿದೆ.